ಅರೋರಾದಲ್ಲಿ ಆನೆ ಕಟ್ಟಿದ್ದು

ದಸರಾ ರಜೆಗೆ ಮಂಡ್ಯದಿಂದ ಅಕ್ಕನ ಮಗಳು ಬಂದಿದ್ದಳು. ಒಂಬತ್ತನೇ ಕ್ಲಾಸು. ಕುವೆಂಪುನಗರದ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ನಡೆಯುತ್ತೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕತೆಯೊಳಗೆ ಸಾಹಸ ಮಾಡುವ ಆಟ; ಅಂಕ ಸೇರಿದ ಹಾಗೆ ಪಾತ್ರದ ಲೆವೆಲ್ ಏರುತ್ತೆ. ನಾನು ಆಟ ನಡೆಸುವವನು, ಆಡುವವರು ಮೂರು ಜನ. ಇವಳನ್ನೂ ಕೂರಿಸಿಕೊಳ್ಳೋಣ, ಮೂರಿದ್ದದ್ದು ನಾಲ್ಕಾಗಲಿ ಎಂದುಕೊಂಡು ಶುಕ್ರವಾರ ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದೆ. ಪಾತ್ರ ಕಟ್ಟಲು ನಾವು ಬಳಸುವುದು ಅರೋರಾ. ಆಟದ ಅಭಿಮಾನಿಯೊಬ್ಬರು ಮಾಡಿ ಪುಕ್ಕಟೆ ಬಿಟ್ಟಿರುವ ವಿಂಡೋಸ್ ಸಾಫ್ಟ್‌ವೇರ್. ಕುಲ, ಕಸುಬು, ಹಿನ್ನೆಲೆ ಆರಿಸಿಕೊಳ್ಳುತ್ತಾ ಹೋದರೆ ಕೊನೆಗೆ ಲೆಕ್ಕವೆಲ್ಲ ಹಾಕಿ ಪಾತ್ರದ ಹಾಳೆಯನ್ನು ಪಿಡಿಎಫ್ ಮಾಡಿ ಕೊಡುತ್ತೆ.

ಅವತ್ತೇ ಬೆಳಿಗ್ಗೆ ಅವಳಿಗೆ ಆನೆಗಳ ತಾಲೀಮು ತೋರಿಸಿಕೊಂಡು ಬಂದಿದ್ದೆ. ಬೆನ್ನ ಮೇಲೆ ಮರಳು ಮೂಟೆ ಹೊತ್ತು ಅರಮನೆಯಿಂದ ಬನ್ನಿಮಂಟಪದ ಕಡೆ ಸಾಲಾಗಿ ಹೋಗುತ್ತಿದ್ದವಲ್ಲ, ಅದು ಇನ್ನೂ ತಲೆಯಲ್ಲೇ ಇತ್ತು ಅಂತ ಕಾಣುತ್ತೆ. ಹಿನ್ನೆಲೆಗಳ ಪಟ್ಟಿಯನ್ನು ಮೇಲೆ ಕೆಳಗೆ ಎಳೆದು ನೋಡಿ ಕೇಳಿದಳು:

"ಮಾವ, ಇದ್ರಲ್ಲಿ ಮಾವುತ ಎಲ್ಲವ್ನೆ?"

ಮಾವುತ ಇರಲಿಲ್ಲ. ನಾವು ಆಡುವುದು 2014ರ ಐದನೇ ಆವೃತ್ತಿ. ಆಟಗಾರರ ಕೈಪಿಡಿಯಲ್ಲಿರುವುದು 13 ಹಿನ್ನೆಲೆ. ನಾವಿಕ ಇದ್ದಾನೆ, ಸೈನಿಕ ಇದ್ದಾನೆ, ಬೀದಿ ಹುಡುಗನೂ ಇದ್ದಾನೆ. ಯಾರು ಬೇಕಾದರೂ ಬಳಸಬಹುದು ಅಂತ ಪುಕ್ಕಟೆ ಬಿಟ್ಟಿರುವ ನಿಯಮದ ಕಡತದಲ್ಲಂತೂ ಒಂದೇ ಒಂದು, ಗುಡಿಯ ಪರಿಚಾರಕ. ಹಳ್ಳಿಯ ಹೀರೋ ಅಂತ ಒಂದಿದೆ, ಪ್ರಾಣಿ ಸಂಭಾಳಿಸುವುದು, ಕಾಡಲ್ಲಿ ಬದುಕುವುದು ಎರಡೂ ಅದಕ್ಕೆ ಬರುತ್ತೆ, ಅದನ್ನೇ ತಗೋ ಎಂದೆ. ಮುಖ ಊದಿಸಿಕೊಂಡಳು. ಸರಿ ಕಣವ್ವ, ನಾವೇ ಮಾಡೋಣ ಅಂದುಬಿಟ್ಟೆ. ಒಂದು ರಾತ್ರಿಯ ಕೆಲಸ ಅಂದುಕೊಂಡಿದ್ದೆ. ಹಿಡಿದದ್ದು ಎರಡು ರಾತ್ರಿ ಮತ್ತು ಒಂದು ಇಡೀ ಶನಿವಾರ.

ಶುಕ್ರವಾರ ರಾತ್ರಿ

ಅರೋರಾದ ಒಳ್ಳೆಯ ಗುಣ ಏನೆಂದರೆ ಅದರ ಸರಕೆಲ್ಲ ಎಕ್ಸ್‌ಎಂಎಲ್ ಅನ್ನೋ ಬರಿಯ ಅಕ್ಷರದ ಫೈಲುಗಳಲ್ಲಿದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು, ತಿದ್ದಬಹುದು. ಡಾಕ್ಯುಮೆಂಟ್ಸ್ ಒಳಗೆ '5ಇ ಕ್ಯಾರೆಕ್ಟರ್ ಬಿಲ್ಡರ್' ಅಂತ ಒಂದು ಫೋಲ್ಡರ್ ಇರುತ್ತೆ, ಅದರೊಳಗೆ 'ಕಸ್ಟಮ್'. ನಮ್ಮ ಫೈಲು ಅಲ್ಲಿಟ್ಟು ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಓದಿಕೊಳ್ಳುತ್ತೆ. ಇಳಿಸಿಕೊಂಡ ಬೇರೆಯವರ ಫೈಲುಗಳ ಜೊತೆ ಕಲೆಯದಿರಲಿ ಅಂತ ನನ್ನದೇ ಒಂದು ಫೋಲ್ಡರ್ ಮಾಡಿ 'ಮೈಸೂರು' ಅಂತ ಹೆಸರಿಟ್ಟೆ. ಇದಕ್ಕೂ ಮುಂಚೆ ಒಂದಷ್ಟು ದಿನ ಪಿಸಿಜೆನ್ ಅನ್ನೋ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಬಳಸಿದ್ದೆ. ಅಲ್ಲೂ ಅಕ್ಷರದ ಫೈಲೇ, ಆದರೆ ಒಂದೊಂದು ತುಣುಕಿನ ನಡುವೆ ಟ್ಯಾಬ್ ಒತ್ತಬೇಕು. ಟ್ಯಾಬ್ ಬದಲು ಸ್ಪೇಸ್ ಬಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಹೋಲಿಸಿದರೆ ಇದು ಸ್ವರ್ಗ.

ಹೊಸದಾಗಿ ಬರೆಯಲು ಹೋಗಬೇಡಿ. ಇರುವುದನ್ನು ನಕಲು ಮಾಡಿ ತಿದ್ದಿ. ನಾನು ಪರಿಚಾರಕನ ತುಣುಕನ್ನೇ ಎತ್ತಿಕೊಂಡೆ. ಒಂದೊಂದು ತುಣುಕಿಗೂ ಎಲಿಮೆಂಟ್ ಅನ್ನುತ್ತಾರೆ. ಅದರ ತಲೆಯಲ್ಲಿ ನಾಲ್ಕು ವಿಷಯ: ಹೆಸರು, ಯಾವ ಬಗೆ, ಯಾವ ಪುಸ್ತಕದ್ದು, ಐಡಿ. ಹೊಟ್ಟೆಯಲ್ಲಿ ವಿವರಣೆ, ಆಮೇಲೆ ನಿಯಮಗಳು. ನಿಯಮದಲ್ಲಿ ಮುಖ್ಯವಾದವು ಮೂರೇ. 'ಗ್ರಾಂಟ್' ಅಂದರೆ ಕೇಳದೆ ಕೊಡುವುದು. 'ಸೆಲೆಕ್ಟ್' ಅಂದರೆ ಆಡುವವರ ಮುಂದೆ ಪಟ್ಟಿ ಇಟ್ಟು ಆರಿಸಿಕೊಳ್ಳಿ ಅನ್ನುವುದು. 'ಸ್ಟ್ಯಾಟ್' ಅಂದರೆ ಯಾವುದಾದರೂ ಅಂಕಿಗೆ ಕೂಡುವುದು, ಕಳೆಯುವುದು.

ಹೆಸರು ಬದಲಿಸಿದೆ, ವಿವರಣೆ ಬದಲಿಸಿದೆ, ಉಳಿಸಿದೆ, ಅರೋರಾ ತೆರೆದೆ. ಮಾವುತ ಇಲ್ಲ.

ಹತ್ತು ನಿಮಿಷ ಟ್ಯಾಗುಗಳನ್ನು, ಅಂದರೆ ತುಣುಕಿನ ಒಂದೊಂದು ಭಾಗಕ್ಕೂ ಹಾಕುವ ಗುರುತುಗಳನ್ನು, ದುರುಗುಟ್ಟಿ ನೋಡಿದೆ. ಎಲ್ಲ ಸರಿಯಾಗೇ ಇದ್ದವು. ಕಡೆಗೆ ಗೊತ್ತಾಗಿದ್ದು ಫೈಲಿನ ಬಾಲ. ನೋಟ್‌ಪ್ಯಾಡ್ ತನ್ನ ಪಾಡಿಗೆ ಹಿಂದೆ ಡಾಟ್ ಟಿಎಕ್ಸ್‌ಟಿ ಅಂಟಿಸಿತ್ತು, ವಿಂಡೋಸ್ ಅದನ್ನು ಬಚ್ಚಿಟ್ಟಿತ್ತು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಷನ್ ತೋರಿಸು ಅಂತ ಟಿಕ್ ಹಾಕಿದ ಮೇಲೆ ಕಳ್ಳ ಸಿಕ್ಕಿಬಿದ್ದ. ಹಗಲೆಲ್ಲ ಜಿಎಸ್‌ಟಿ ಫೈಲು ಹಾಕುವ ನಾನು ಇಂಥದ್ದಕ್ಕೆ ಬೀಳಬಾರದಿತ್ತು. ಬಿದ್ದೆ.

ಆಗಲೂ ಮಾವುತ ಬರಲಿಲ್ಲ. ಈ ಸಲ ತಪ್ಪು ಪೂರ್ತಿ ನನ್ನದೇ. ಹೆಸರು ಬದಲಿಸಿದ್ದೆ, ಐಡಿ ಬದಲಿಸಿರಲಿಲ್ಲ. ಅರೋರಾಗೆ ಹೆಸರು ಮುಖ್ಯವಲ್ಲ, ಐಡಿ ಮುಖ್ಯ. ಆಧಾರ್ ನಂಬರಿನ ಹಾಗೆ. ಒಂದೇ ಐಡಿಯಲ್ಲಿ ಇಬ್ಬರು ಬಂದರೆ ಒಬ್ಬನಿಗೇ ಜಾಗ. ಐಡಿಯನ್ನು ದೊಡ್ಡಕ್ಷರದ ಇಂಗ್ಲಿಷಿನಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯುವುದು ರೂಢಿ. ಮೊದಲು ಐಡಿ, ಆಮೇಲೆ ಯಾರು ಮಾಡಿದ್ದು, ಆಮೇಲೆ ಯಾವ ಬಗೆ, ಕೊನೆಗೆ ಹೆಸರು. ಮಾಡಿದ್ದು ಯಾರು ಅನ್ನೋ ಜಾಗದಲ್ಲಿ ಮೈಸೂರು ಅಂತ ಹಾಕಿದೆ. ನಾಳೆ ಇನ್ಯಾರಾದರೂ ಮಾವುತನನ್ನು ಮಾಡಿದರೆ ಅವರದ್ದಕ್ಕೂ ನನ್ನದಕ್ಕೂ ಜಗಳ ಬೇಡ ಅಂತ.

ರಾತ್ರಿ ಹನ್ನೊಂದೂವರೆಗೆ ಪಟ್ಟಿಯಲ್ಲಿ ಮಾವುತ ಕಾಣಿಸಿಕೊಂಡ. ಒಳಗೆ ಮಾತ್ರ ಇನ್ನೂ ಪರಿಚಾರಕನೇ. ಧೂಪ, ಪೂಜೆ ಪುಸ್ತಕ ಎಲ್ಲ ಹಿಡಿದುಕೊಂಡಿದ್ದ. ಅವಳು ಆಗಲೇ ನಿದ್ದೆ ಹೋಗಿದ್ದಳು.

ಶನಿವಾರ ಬೆಳಿಗ್ಗೆ

ತಿಂಡಿ ತಿನ್ನುತ್ತಾ ಅವಳ ಜೊತೆ ಕೂತು ಮಾವುತನಿಗೆ ಏನೇನು ಬರಬೇಕು ಅಂತ ಪಟ್ಟಿ ಮಾಡಿದೆವು. ಅವಳ ಪಟ್ಟಿಯಲ್ಲಿ ಮೊದಲನೇದು ಆನೆ. ಎರಡನೇದೂ ಆನೆ.

ಇಲ್ಲೇ ತೊಡಕು. ಈ ಆಟದಲ್ಲಿ ಹಿನ್ನೆಲೆ ಅಂದರೆ ಮೊದಲನೇ ಲೆವೆಲ್‌ಗೆ ಬರುವ ಮುಂಚಿನ ಬದುಕು. ಎರಡು ಸ್ಕಿಲ್, ಸಲಕರಣೆಯೋ ಭಾಷೆಯೋ ಸೇರಿ ಎರಡು, ಒಂದಿಷ್ಟು ಸಾಮಾನು, ಒಂದು ಸಣ್ಣ ವಿಶೇಷ. ಅಷ್ಟೇ. ಆಟದ ಆನೆಗೆ ಜೀವದ ಅಂಕ 76. ಮೊದಲನೇ ಲೆವೆಲ್ಲಿನ ಮಂತ್ರವಾದಿಗೆ ಆರೋ ಏಳೋ ಇರುತ್ತೆ. ಇವಳ ಕೈಗೆ ಆನೆ ಕೊಟ್ಟರೆ ಮಿಕ್ಕ ಮೂವರು ಮನೆಗೆ ಹೋಗಿ ಟಿವಿ ನೋಡಬಹುದು.

ಆಗ ನಿನ್ನೆ ಕಂಡದ್ದು ನೆನಪಾಯಿತು. ಆನೆಯ ಕುತ್ತಿಗೆ ಮೇಲೆ ಕೂತವನು ಮಾವುತ, ಪಕ್ಕದಲ್ಲಿ ಕೋಲು ಹಿಡಿದು ನಡೆಯುವವನು ಕಾವಾಡಿ. ಸೊಪ್ಪು ತರುವುದು, ಮೈ ತೊಳೆಯುವುದು, ಕುಸುರೆ (ಹುಲ್ಲಿನಲ್ಲಿ ಸುತ್ತಿದ ತಿನಿಸು) ಕಟ್ಟಿ ಬಾಯಿಗಿಡುವುದು ಇಂಥ ಕೆಲಸದಲ್ಲೇ ಪಳಗಿ, ಆಮೇಲೆ ಮಾವುತ ಆಗುವುದು. ಮತ್ತಿಗೋಡು, ದುಬಾರೆ, ಬಳ್ಳೆ ಕ್ಯಾಂಪುಗಳಿಂದ ಬರುವವರಲ್ಲಿ ಜೇನು ಕುರುಬರು ಜಾಸ್ತಿ. ಎಷ್ಟೋ ಕಡೆ ಅಪ್ಪ ಮಾವುತ, ಮಗ ಕಾವಾಡಿ. ಮತ್ತೆ ಆನೆ ಇಬ್ಬರದ್ದೂ ಅಲ್ಲ, ಅರಣ್ಯ ಇಲಾಖೆಯದು.

"ನೀನು ಮೊದಲನೇ ಲೆವೆಲ್‌ನಲ್ಲಿ ಕಾವಾಡಿ. ಮಾವುತ ಆಮೇಲೆ" ಎಂದೆ.

"ಆನೆ?"

"ಆನೆ ಕ್ಯಾಂಪಿಂದು. ನಿಂದಲ್ಲ."

ಸ್ವಲ್ಪ ಹೊತ್ತು ದೋಸೆ ಮುರಿಯುತ್ತಾ ಕೂತಿದ್ದಳು. ಆಮೇಲೆ ಒಪ್ಪಿದಳು. ಆದರೆ ಮಾವುತ ಆಗೋದು ಎಷ್ಟನೇ ಲೆವೆಲ್‌ಗೆ ಅಂತ ಈಗಲೇ ಬರೆದುಕೊಡಬೇಕು ಅಂತ ಪಟ್ಟು ಹಿಡಿದಳು.

ಕಾವಾಡಿಗೆ ಪ್ರಾಣಿ ಸಂಭಾಳಿಸುವ ಸ್ಕಿಲ್ ಗ್ರಾಂಟ್. ಎರಡನೇದಕ್ಕೆ ನಮ್ಮಿಬ್ಬರಿಗೂ ಜಗಳ. ನಾನು ಕಾಡಿನ ಬದುಕು ಎಂದೆ, ಅವಳು ವೈದ್ಯ ಎಂದಳು. ಆನೆ ಕಾಲಿಗೆ ಗಾಯ ಆದರೆ ಮೊದಲು ನೋಡೋನು ಕಾವಾಡಿ ತಾನೇ, ಅನ್ನುವುದು ಅವಳ ವಾದ. ಸರಿ ಅನಿಸಿತು. ಕಾಡಿನ ಬದುಕು, ನಿಸರ್ಗ, ವೈದ್ಯ ಮೂರರಲ್ಲಿ ಒಂದು ಆರಿಸಿಕೊಳ್ಳಲಿ ಅಂತ ಸೆಲೆಕ್ಟ್ ಬರೆದೆ. ಮೂರು ಐಡಿಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ಕೊಟ್ಟೆ. ತೆರೆದು ನೋಡಿದರೆ ಆಯ್ಕೆಯ ಪೆಟ್ಟಿಗೆ ಬಂದಿದೆ, ಒಳಗೆ ಏನೂ ಇಲ್ಲ.

ಇದು ಬಿಡಿಸಿಕೊಳ್ಳಲು ಒಂದು ಕಾಫಿ ಬೇಕಾಯಿತು. ಅರೋರಾದಲ್ಲಿ ಅಲ್ಪವಿರಾಮಕ್ಕೆ 'ಇದೂ ಆಗಿರಬೇಕು, ಅದೂ ಆಗಿರಬೇಕು' ಅನ್ನೋ ಅರ್ಥ. ಒಂದೇ ಸ್ಕಿಲ್ಲು ಕಾಡಿನ ಬದುಕೂ ಆಗಿ, ನಿಸರ್ಗವೂ ಆಗಿ, ವೈದ್ಯವೂ ಆಗಿ ಎಲ್ಲಿಂದ ಬರುತ್ತೆ? 'ಇದಾದರೂ ಸರಿ, ಅದಾದರೂ ಸರಿ' ಅನ್ನಲು ನಡುವೆ ನೆಟ್ಟಗಿನ ಗೆರೆ ಹಾಕಬೇಕು. ಕೀಬೋರ್ಡಿನಲ್ಲಿ ಎಂಟರ್ ಗುಂಡಿಯ ಮೇಲಿರುತ್ತಲ್ಲ, ಶಿಫ್ಟ್ ಹಿಡಿದು ಒತ್ತುವುದು. ಗೆರೆ ಹಾಕಿದೆ, ಮೂರೂ ಬಂದವು. ಅವಳು ವೈದ್ಯವನ್ನೇ ಆರಿಸಿಕೊಂಡಳು.

ಸಲಕರಣೆಯ ಲೆಕ್ಕಕ್ಕೆ ಗಿಡಮೂಲಿಕೆ ಪೆಟ್ಟಿಗೆ. ಭಾಷೆಯ ಲೆಕ್ಕಕ್ಕೆ 'ಹಾಡಿ ಮಾತು' ಅಂತ ಒಂದು ಹೊಸ ಎಲಿಮೆಂಟ್ ಮಾಡಿದೆ. ಭಾಷೆ ಮಾಡುವುದು ಎಲ್ಲಕ್ಕಿಂತ ಸುಲಭ, ಐದು ಸಾಲು ಸಾಕು. ಸಾಮಾನಿಗೆ 50 ಅಡಿ ಹಗ್ಗ, ಒಂದು ಕಂಬಳಿ, ಒಂದು ಕುಡುಗೋಲು, 10 ಚಿನ್ನದ ನಾಣ್ಯ. ಕುಡುಗೋಲು ಆಟದಲ್ಲೇ ಇದೆ, ನಾಲ್ಕು ಮುಖದ ದಾಳದ ಏಟು. ಸೊಪ್ಪು ಕೊಯ್ಯೋಕೂ ಆಯಿತು, ಗಾಬ್ಲಿನ್ ಅನ್ನೋ ಕುಳ್ಳ ದುಷ್ಟರಿಗೂ ಆಯಿತು.

ನುಡಿಯ ಕಾಟ

ವಿವರಣೆ ಕನ್ನಡದಲ್ಲೇ ಇರಲಿ ಅಂತ ಆಸೆ. ಚೆನ್ನಾಗಿ ಬರೆಯೋನು ನಮ್ಮ ಗುಂಪಿನ ಡಿಟಿಪಿ ಗೆಳೆಯ. ಮದುವೆ ಕಾರ್ಡು, ದಸರಾ ಬ್ಯಾನರು ಅಂತ ದಿನವಿಡೀ ಕನ್ನಡ ಕುಟ್ಟುತ್ತಿರುತ್ತಾನೆ. ಕೇಳಿದ ಅರ್ಧ ಗಂಟೆಗೆ ಕಾವಾಡಿಯ ಮೇಲೆ ಮುದ್ದಾದ ಎರಡು ಪ್ಯಾರಾ ಕಳಿಸಿದ. ಅವನ ಕಂಪ್ಯೂಟರಿನಲ್ಲಿ ಅಂದವಾದ ಕನ್ನಡ. ನನ್ನ ಫೈಲಿಗೆ ಅಂಟಿಸಿದರೆ ತಲೆ ಮೇಲೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ.

ಡಿಟಿಪಿ ಅಂಗಡಿಗಳ ಕನ್ನಡದ ಜೊತೆ ಒಮ್ಮೆಯಾದರೂ ಗುದ್ದಾಡಿದವರಿಗೆ ಇದು ಗೊತ್ತು. ಅವನು ಬರೆದಿದ್ದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ. ಅಲ್ಲಿ ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಫಾಂಟು ಮಾತ್ರ ಆ ಜಾಗದಲ್ಲಿ ಕನ್ನಡದ ಆಕಾರ ಬರೆದು ತೋರಿಸುತ್ತೆ. ಫಾಂಟು ಕಳಚಿದರೆ ವೇಷವೂ ಕಳಚುತ್ತೆ. ಅರೋರಾಗೆ ಬೇಕಾದ್ದು ಯೂನಿಕೋಡ್, ಅಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುತ್ತೆ. ಪರಿವರ್ತಕದಲ್ಲಿ ಹಾಕಿ ತಿರುಗಿಸಿದೆ, ಹೆಚ್ಚುಕಮ್ಮಿ ಎಲ್ಲ ಸರಿ ಬಂತು. ಎರಡು ಕಡೆ ಅರ್ಕಾವತ್ತು ಜಾಗ ತಪ್ಪಿ ಕೂತಿತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರ ಆದಮೇಲೆ ಇಡುತ್ತಾರೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. 'ಧೈರ್ಯ' ಮತ್ತು 'ಚರ್ಮ' ಎರಡನ್ನೂ ಕೈಯಲ್ಲೇ ತಿದ್ದಿದೆ.

ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇದೆಯಾ ಅಂತ ನೋಡಿಕೊಳ್ಳಿ. ಹಳೇ ವಿಂಡೋಸಿನ ನೋಟ್‌ಪ್ಯಾಡ್ ಆನ್ಸಿ ಅಂತ ಉಳಿಸುತ್ತಿತ್ತು. ಅದರಲ್ಲಿ ಕನ್ನಡ ಉಳಿಸಿದರೆ ಮತ್ತೆ ತೆರೆದಾಗ ಬರೀ ಪ್ರಶ್ನಾರ್ಥಕ ಚಿಹ್ನೆ. ಅದು ವಾಪಸ್ ಬರುವುದಿಲ್ಲ.

ಇಷ್ಟೆಲ್ಲ ಆದಮೇಲೆ ಅರೋರಾ ತೆರೆದರೆ ಕಾವಾಡಿ ಪೂರ್ತಿ ಮಾಯ. ಬೆಳಿಗ್ಗೆ ಇದ್ದವನು ಈಗ ಇಲ್ಲ. ಫೈಲನ್ನು ಎಳೆದು ಬ್ರೌಸರಿನಲ್ಲಿ ಬಿಟ್ಟೆ. ಇದೊಂದು ಉಪಾಯ ನೆನಪಿಟ್ಟುಕೊಳ್ಳಿ, ಎಕ್ಸ್‌ಎಂಎಲ್ ಕೆಟ್ಟಿದ್ದರೆ ಬ್ರೌಸರ್ ಎಷ್ಟನೇ ಸಾಲಿನಲ್ಲಿ ಅಂತ ಹೇಳುತ್ತೆ. ಸಾಲು 14. ನೋಡಿದರೆ ಗೆಳೆಯ ಮದುವೆ ಕಾರ್ಡಿನ ಅಭ್ಯಾಸದಲ್ಲಿ 'ಮಾವುತ & ಕಾವಾಡಿ' ಅಂತ ಬರೆದಿದ್ದಾನೆ. ಚಿ. ಸೌ. & ಚಿ. ರಾ. ಅಂತ ಬರೆದೂ ಬರೆದೂ ಕೈ ಅದಕ್ಕೇ ಹೋಗುತ್ತೆ. ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆ ಒಂಟಿಯಾಗಿ ಬರುವ ಹಾಗಿಲ್ಲ. ಅದಕ್ಕೆ ಬೇರೆ ಅರ್ಥ ಇದೆ, ಬಂದರೆ ಇಡೀ ಫೈಲೇ ಓದಲಾಗದು. 'ಮತ್ತು' ಅಂತ ಬರೆದೆ. ಮಾವುತ ಮತ್ತು ಕಾವಾಡಿ. ಓದೋಕೂ ಅದೇ ಚೆಂದ.

ವಾಟ್ಸಾಪಿನಿಂದ ಅಂಟಿಸುವಾಗ ಉದ್ಧರಣ ಚಿಹ್ನೆಗಳನ್ನೂ ನೋಡಿ. ಬಾಗಿದ ಚಿಹ್ನೆ ಟ್ಯಾಗಿನೊಳಗೆ ಬಿದ್ದರೂ ಇದೇ ಗತಿ. ನೆಟ್ಟಗಿರುವುದೇ ಬೇಕು.

ಅಂಬಾರಿ ಹೊರಲಾರದ ಆನೆ

ಮಧ್ಯಾಹ್ನ, ಅವಳು ಮಾವುತ ಆದಮೇಲೆ ಜೊತೆಗಿರಬೇಕಾದ ಆನೆಗೆ ಕೈ ಹಾಕಿದೆ. ಅರೋರಾದಲ್ಲಿ ಜೊತೆಯ ಪ್ರಾಣಿಗೆ ಕಂಪ್ಯಾನಿಯನ್ ಅಂತ ಬೇರೆ ಬಗೆಯ ಎಲಿಮೆಂಟ್ ಇದೆ. ಶಕ್ತಿ, ಚುರುಕು, ರಕ್ಷಣೆ, ಜೀವ, ವೇಗ ಎಲ್ಲವನ್ನೂ ಒಂದೊಂದಾಗಿ ತುಂಬಬೇಕು. ಪುಕ್ಕಟೆ ನಿಯಮದಲ್ಲಿ ಆನೆ ಇದೆ. ಅದರ ಅಂಕಿಗಳನ್ನೇ ತೆಗೆದುಕೊಂಡೆ: ಶಕ್ತಿ 22, ರಕ್ಷಣೆ 12, ಜೀವ 76, ಒಂದು ಸುತ್ತಿಗೆ 40 ಅಡಿ ನಡಿಗೆ. ಒಂದು ಸುತ್ತು ಅಂದರೆ ಆರು ಸೆಕೆಂಡು. ಆ ಲೆಕ್ಕದಲ್ಲಿ ಅರಮನೆಯಿಂದ ಬನ್ನಿಮಂಟಪದ ಐದು ಕಿಲೋಮೀಟರು 41 ನಿಮಿಷ. ಜಂಬೂ ಸವಾರಿ ದಿನ ಫುಟ್‌ಪಾತಿನಲ್ಲಿ ಕೂತು ಕಾದವರು ಇದನ್ನು ಓದಿ ನಕ್ಕಾರು.

ಅವಳು ಪಕ್ಕದಲ್ಲೇ ಇದ್ದಳು. "ಅಂಬಾರಿ ಹೊರುತ್ತಾ?" ಎಂದಳು.

ಹೊರದೆ ಏನು ಅಂತ ಲೆಕ್ಕ ಹಾಕಿದೆ. ಆಟದಲ್ಲಿ ಹೊರುವ ತೂಕ ಅಂದರೆ ಶಕ್ತಿಯನ್ನು 15ರಿಂದ ಗುಣಿಸಿದಷ್ಟು ಪೌಂಡು. 22 ಗುಣಿಸು 15, 330. ಮನುಷ್ಯನ ಗಾತ್ರಕ್ಕಿಂತ ಒಂದು ಮೆಟ್ಟಿಲು ದೊಡ್ಡದಾದರೆ ಇಮ್ಮಡಿ, ಎರಡು ಮೆಟ್ಟಿಲಾದರೆ ನಾಲ್ಕು ಮಡಿ. ಆನೆ ಎರಡು ಮೆಟ್ಟಿಲು ಮೇಲೆ. 1320 ಪೌಂಡು, ಅಂದರೆ ಹತ್ತಿರ ಹತ್ತಿರ 600 ಕೆಜಿ.

ಚಿನ್ನದ ಅಂಬಾರಿ ಸುಮಾರು 750 ಕೆಜಿ. ಪೌಂಡಿನಲ್ಲಿ 1653.

ಆಗೋದಿಲ್ಲ. ಆಟದ ಆನೆ ಅಂಬಾರಿ ಹೊರಲಾರದು. ಅರ್ಜುನ 2012ರಿಂದ 2019ರವರೆಗೆ ಎಂಟು ಸಲ ಹೊತ್ತ, 2020ರಿಂದ ಅಭಿಮನ್ಯು ಹೊತ್ತ. ಇಲ್ಲಿ ನೋಡಿದರೆ ನಿಯಮದ ಪುಸ್ತಕ ಆಗಲ್ಲ ಅನ್ನುತ್ತೆ. ಮೈಸೂರಿನಲ್ಲಿ ಕೂತು ಇದನ್ನು ಹಾಗೇ ಬಿಡಲಿಕ್ಕಾಗುತ್ತಾ?

ಮೊದಲು ಬಂದ ಯೋಚನೆ ಶಕ್ತಿ ಏರಿಸುವುದು. 28 ಮಾಡಿದರೆ 1680 ಪೌಂಡು. ಅಂಬಾರಿ ಹೋಗಿ 27 ಪೌಂಡು ಉಳಿಯುತ್ತೆ, 12 ಕೆಜಿ. ಮಾವುತ ಎಲ್ಲಿ ಕೂರುತ್ತಾನೆ? ಅಂಬಾರಿಯ ಕೆಳಗೆ ಹಾಸುವ ಗಾದಿಯ ತೂಕ ಬೇರೆ. ಅದೂ ಅಲ್ಲದೆ ಈ ಆಟದಲ್ಲಿ ಮೋಡದ ದೈತ್ಯ ಅಂತ ಒಬ್ಬನಿದ್ದಾನೆ, ಅವನ ಶಕ್ತಿಯೇ 27. ಶಕ್ತಿ ಏರಿಸಿದರೆ ಕೊಂಬಿನ ಏಟೂ ಏರುತ್ತೆ. ಹೊರೆ ಹೊರಲಿ ಅಂತ ಮಾಡಿದ್ದು ಹೊಡೆಯೋಕೆ ಬಳಕೆಯಾಗುತ್ತೆ. ಅಳಿಸಿ ಮತ್ತೆ 22 ಮಾಡಿದೆ.

ಉತ್ತರ ಸಿಕ್ಕಿದ್ದು ಹೇಸರಗತ್ತೆಯ ಪುಟದಲ್ಲಿ. ಅದಕ್ಕೊಂದು ಗುಣ ಇದೆ: ಹೊರೆಯ ಲೆಕ್ಕಕ್ಕೆ ಮಾತ್ರ ಅದನ್ನು ಒಂದು ಮೆಟ್ಟಿಲು ದೊಡ್ಡ ಪ್ರಾಣಿ ಅಂತ ಎಣಿಸುತ್ತಾರೆ. ಅದನ್ನೇ ಆನೆಗೆ ತಂದರೆ ಎಂಟು ಮಡಿ. 2640 ಪೌಂಡು, 1200 ಕೆಜಿಗೆ ಸ್ವಲ್ಪ ಕಮ್ಮಿ. ಅಂಬಾರಿ, ಗಾದಿ, ಮಾವುತ, ಮೇಲೆ ದೇವಿಯ ಮೂರ್ತಿ ಎಲ್ಲ ಹಿಡಿಸುತ್ತೆ. ಏಟಿನ ಅಂಕಿ ಒಂದೂ ಅಲ್ಲಾಡುವುದಿಲ್ಲ. ಗಜರಾಜನಿಗೆ ಕತ್ತೆಯ ಗುಣ ಹಾಕಿದ್ದು ಯಾರಿಗೂ ಹೇಳಬೇಡ ಎಂದೆ. ಗುಣದ ಹೆಸರು 'ಅಂಬಾರಿ ಬೆನ್ನು' ಅಂತ ಇಟ್ಟು, ತೂಕದ ಲೆಕ್ಕವನ್ನು ವಿವರಣೆಯಲ್ಲೇ ಬರೆದೆ.

ಇನ್ನೊಂದು ಬದಲಾವಣೆ ಅವಳದ್ದು. ಪುಸ್ತಕದ ಆನೆಗೆ ನುಗ್ಗಿ ತುಳಿಯುವ ಗುಣ ಇದೆ. 20 ಅಡಿ ನೇರ ಓಡಿಬಂದು ತಿವಿದರೆ ಎದುರಿದ್ದವನು ಬೀಳಬಹುದು, ಬಿದ್ದವನನ್ನು ತುಳಿಯಬಹುದು. ದಸರಾ ಆನೆ ಹಂಗೆಲ್ಲ ನುಗ್ಗಕ್ಕಿಲ್ಲ, ಅದಕ್ಕೇ ಅಲ್ವಾ ಪಿರಂಗಿ ಹೊಡೆದು ಅಭ್ಯಾಸ ಮಾಡ್ಸೋದು, ಎಂದಳು. ಕುಶಾಲತೋಪಿನ ಸದ್ದಿಗೆ ಬೆಚ್ಚದ ಹಾಗೆ ಮೊದಲೇ ಪಳಗಿಸುತ್ತಾರೆ, ನಿಜ. ನುಗ್ಗುವುದನ್ನು ತೆಗೆದೆ. ಬದಲಿಗೆ ಹಾಫ್ಲಿಂಗ್ ಅನ್ನೋ ಕುಳ್ಳರ ಕುಲಕ್ಕೆ ಇರುವ ಧೈರ್ಯದ ಗುಣ ತಂದೆ. ಹೆದರಿಸುವ ಮಂತ್ರ ಬಿದ್ದಾಗ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಹೆಸರು 'ಕುಶಾಲತೋಪು'. ಇಡೀ ಫೈಲಿನಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಇದು. ನನ್ನದಲ್ಲ.

ಮಾವುತನ ಪಟ್ಟ, ಅಂಕುಶದ ಗೋಳು

ಮಾವುತನನ್ನು ಫೀಟ್ ಮಾಡಿದೆ. ನಾಲ್ಕನೇ ಲೆವೆಲ್‌ನಲ್ಲಿ ಅಂಕಿ ಏರಿಸಿಕೊಳ್ಳುವ ಬದಲು ತೆಗೆದುಕೊಳ್ಳುವ ಒಂದು ವಿಶೇಷ ವಿದ್ಯೆ. ಬೇಕಾದ ಅರ್ಹತೆ ಅನ್ನುವ ಟ್ಯಾಗಿನಲ್ಲಿ ಕಾವಾಡಿಯ ಐಡಿ ಹಾಕಿದೆ. ಕಾವಾಡಿ ಆಗದವನಿಗೆ ಪಟ್ಟಿಯಲ್ಲಿ ಇದು ಸಿಗಬಾರದು. ಮೊದಲ ಸಲ ಕಾವಾಡಿಗೂ ಸಿಗಲಿಲ್ಲ, ಒಂದು ಅಂಡರ್‌ಸ್ಕೋರ್ ಬಿಟ್ಟುಹೋಗಿತ್ತು. ಐಡಿಗಳನ್ನು ಕೈಯಲ್ಲಿ ಟೈಪ್ ಮಾಡಬೇಡಿ, ನಕಲು ಮಾಡಿ ಅಂಟಿಸಿ. ಆಯಿತು, ಇದಕ್ಕಿಂತ ಹೆಚ್ಚು ಹೇಳಲು ಏನಿಲ್ಲ.

ಅಂಕುಶ ಸ್ವಲ್ಪ ಆಟ ಆಡಿಸಿತು. ಆಯುಧ ಅಂತ ಎಲಿಮೆಂಟ್ ಮಾಡಿದೆ. ನಾಲ್ಕು ಮುಖದ ದಾಳ, ಚುಚ್ಚುವ ಏಟು, ಎರಡು ಪೌಂಡು ತೂಕ. ಹೊಡೆಯುವಾಗ ದಾಳದ ಅಂಕಿಗೆ ಒಂದಿಷ್ಟು ಕೂಡುತ್ತಾರೆ. ಅವಳ ಕಾವಾಡಿಯ ಶಕ್ತಿ 14, ಅದಕ್ಕೆ +2. ಮೊದಲನೇ ಲೆವೆಲ್ಲಿನ ಪಳಗಿದ ಕೈಗೆ ಇನ್ನೊಂದು +2. ಒಟ್ಟು +4 ಬರಬೇಕು. ಹಾಳೆಯಲ್ಲಿ +2 ಮಾತ್ರ. ಕುಡುಗೋಲಿಗೆ +4 ಇದೆ, ಅಂಕುಶಕ್ಕೆ ಇಲ್ಲ.

ಕುಡುಗೋಲಿನ ತುಣುಕನ್ನು ಪಕ್ಕಕ್ಕಿಟ್ಟು ಸಾಲು ಸಾಲು ಹೋಲಿಸಿದಾಗ ಕಂಡಿತು. ಆಯುಧದ ಒಳಗೆ 'ಪ್ರೊಫಿಷಿಯನ್ಸಿ' ಅಂತ ಒಂದು ಸಾಲು ಇದೆ. ಈ ಆಯುಧದಲ್ಲಿ ಪಳಗಿದ್ದಾನಾ ಅಂತ ತಿಳಿಯಲು ಯಾವ ಐಡಿ ನೋಡಬೇಕು ಅನ್ನೋದು ಅಲ್ಲಿರಬೇಕು. ಅಂಕುಶಕ್ಕೆ ಅದೇ ಇರಲಿಲ್ಲ. ಕತ್ತಿ ಗೊತ್ತು, ಗದೆ ಗೊತ್ತು, ಅಂಕುಶ ಅಂದರೆ ಏನು ಅಂತ ಅದಕ್ಕೆ ಯಾರು ಹೇಳಬೇಕು? 'ಅಂಕುಶ ಪ್ರೊಫಿಷಿಯನ್ಸಿ' ಅಂತ ಹೊಸ ಎಲಿಮೆಂಟ್ ಮಾಡಿ, ಅದರ ಐಡಿಯನ್ನು ಆಯುಧಕ್ಕೆ ಕೊಟ್ಟು, ಕಾವಾಡಿಯ ಹಿನ್ನೆಲೆಯಲ್ಲಿ ಅದನ್ನು ಗ್ರಾಂಟ್ ಮಾಡಿದೆ. +4 ಬಂತು. ಒಂದು ಆಯುಧ ಸೇರಿಸುವವರು ಯಾವಾಗಲೂ ಎರಡು ಎಲಿಮೆಂಟ್ ಲೆಕ್ಕ ಹಿಡಿಯಿರಿ.

ನನ್ನ ಮುಂದಿನ ಆಸೆ ವಜ್ರಮುಷ್ಟಿ. ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ಜಟ್ಟಿಗಳು ಕಾಳಗಕ್ಕೆ ಇಳಿದಾಗ ತಲೆಯಲ್ಲಿ ರಕ್ತ ಕಂಡ ಕೂಡಲೇ ಮುಗಿಯುತ್ತೆ. ಆಟದಲ್ಲಿ ಜೀವ ಸೊನ್ನೆಗೆ ಇಳಿಯುವವರೆಗೂ ಹೊಡೆಯುತ್ತಲೇ ಇರಬೇಕು. ಅದನ್ನು ಹೇಗೆ ಕೂಡಿಸುವುದು ಅಂತ ಇನ್ನೂ ಹೊಳೆದಿಲ್ಲ.

ಪ್ರಿಂಟು

ಅರೋರಾದ ಪರದೆ ಮೇಲೆ ಕನ್ನಡ ಮುದ್ದಾಗಿ ಬಂತು. ವಿಂಡೋಸ್ ತನ್ನ ನಿರ್ಮಲಾ ಫಾಂಟನ್ನು ತಾನೇ ಹುಡುಕಿ ಹಾಕಿಕೊಳ್ಳುತ್ತೆ. ಪಿಡಿಎಫ್ ಮಾಡಿದರೆ ಕನ್ನಡ ಇರಬೇಕಾದ ಕಡೆ ಖಾಲಿ. ತುಂಬುವ ಫಾರಂ ಇರುವ ಪಿಡಿಎಫ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಹೆಲ್ವೆಟಿಕಾದಂಥ ಹಳೇ ಫಾಂಟು. ಅದರಲ್ಲಿ ಕನ್ನಡದ ಆಕಾರವೇ ಇಲ್ಲ. ಆಕಾರ ಇದ್ದರೂ ಒತ್ತಕ್ಷರ ಜೋಡಿಸಲು ಬೇರೆ ಬುದ್ಧಿ ಬೇಕು.

ಇದರ ಜೊತೆ ಗುದ್ದಾಡಲು ನನಗೆ ವ್ಯವಧಾನ ಇರಲಿಲ್ಲ, ಶನಿವಾರ ರಾತ್ರಿ ಹನ್ನೆರಡಾಗಿತ್ತು. ಎಲಿಮೆಂಟಿನೊಳಗೆ ಹಾಳೆಗೆ ಹೋಗುವ ಮಾತನ್ನು ಬೇರೆಯಾಗಿ ಬರೆಯಲು 'ಶೀಟ್' ಅನ್ನೋ ಟ್ಯಾಗ್ ಇದೆ. ಅಲ್ಲಿ ಮತ್ತು ಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕಾವಾಡಿ, ಅಂಕುಶ, ಕುಶಾಲತೋಪು ಅಂತ ಬರೆದೆ. ಪೂರ್ತಿ ವಿವರಣೆ ಪರದೆಯ ಮೇಲೆ ಕನ್ನಡದಲ್ಲಿ ಉಳಿಯಿತು. ಡಿಟಿಪಿ ಗೆಳೆಯ ಭಾನುವಾರ ಬರುವಾಗ ಕನ್ನಡದ ಆ ಎರಡು ಪ್ಯಾರಾವನ್ನು ಮದುವೆ ಕಾರ್ಡಿನ ದಪ್ಪ ಹಾಳೆಯಲ್ಲಿ, ಸುತ್ತ ಬಳ್ಳಿಯ ಅಂಚು ಹಾಕಿ ಪ್ರಿಂಟ್ ಮಾಡಿ ತಂದ. ನೋಡಿದರೆ ಕಾವಾಡಿಗೆ ಮದುವೆ ಗೊತ್ತಾದ ಹಾಗಿತ್ತು.

ಆಟ ಚೆನ್ನಾಗಿ ಆಯಿತು. ಆರು ಗಾಬ್ಲಿನ್‌ಗಳು ಬಂದವು. ಇವಳು ಒಂದನ್ನು ಕುಡುಗೋಲಿನಲ್ಲಿ ಹೊಡೆದಳು, ಇನ್ನೊಂದರ ಮುರಿದ ಕಾಲಿಗೆ ಪಟ್ಟಿ ಕಟ್ಟಿದಳು. ಅಂಕುಶ ತೆಗೆಯಲೇ ಇಲ್ಲ. ಅದಕ್ಕಾಗಿ ಒಂದೂವರೆ ಗಂಟೆ ಕಳೆದಿದ್ದೆ. ಯಾಕೆ ಅಂತ ಕೇಳಿದರೆ, "ಅದು ಆನೆಗೆ ಇರೋದು ಮಾವ" ಎಂದಳು.

ರಜೆ ಮುಗಿಸಿ ಹೋಗುವಾಗ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದಳು. ಮಾರನೇ ದಿನ ಸಂಜೆ ಫೋನು. ಅಪ್ಪನ ಲ್ಯಾಪ್‌ಟಾಪಿನಲ್ಲಿ ಅರೋರಾ ಹಾಕಿದ್ದಾಳೆ, ಫೈಲು ಹಾಕಿದ್ದಾಳೆ, ಕಾವಾಡಿ ಬರುತ್ತಿಲ್ಲ. ಬಾಲ ನೋಡಿದೆಯಾ ಎಂದೆ. ನೋಡಿದೀನಿ, ಟಿಎಕ್ಸ್‌ಟಿ ಇಲ್ಲ. ಫೋಲ್ಡರ್? ಡಾಕ್ಯುಮೆಂಟ್ಸಲ್ಲೇ ಐತೆ. ಮೇಲಿನ ಪಟ್ಟಿಯಲ್ಲಿ ದಾರಿ ಪೂರ್ತಿ ಓದು ಎಂದೆ. ಓದಿದಳು. ಅವಳು ಫೈಲಿಟ್ಟ ಡಾಕ್ಯುಮೆಂಟ್ಸ್ ಹಳೆಯದು. ವಿಂಡೋಸ್ ಅಷ್ಟರಲ್ಲಿ ಡಾಕ್ಯುಮೆಂಟ್ಸನ್ನು ಒನ್‌ಡ್ರೈವ್ ಒಳಗೆ ಎತ್ತಿಟ್ಟಿತ್ತು. ಅರೋರಾ ನೋಡುತ್ತಿದ್ದದ್ದು ಅಲ್ಲಿ. ಒಂದೇ ಹೆಸರಿನ ಎರಡು ಮನೆ, ಕಾವಾಡಿ ಬೇರೆ ಮನೆಯಲ್ಲಿ ಕೂತಿದ್ದ. ಎತ್ತಿ ಇಲ್ಲಿಗೆ ಹಾಕಿದಳು.

"ಬಂದ ಮಾವ, ಬಂದ." ಆಮೇಲೆ ಒಂದು ಕ್ಷಣ ಬಿಟ್ಟು, "ನಾಲ್ಕನೇ ಲೆವೆಲ್‌ಗೆ ಎಷ್ಟು ಅಂಕ ಬೇಕು?"

"2700."

"ಭಾನುವಾರ ನಂಗೆ ಎಷ್ಟು ಸಿಕ್ತು?"

ಆರು ಗಾಬ್ಲಿನ್, ಒಂದಕ್ಕೆ 50, ನಾಲ್ಕು ಜನಕ್ಕೆ ಹಂಚಿದರೆ ತಲಾ 75.

ಫೋನಿನ ಆ ಕಡೆ ಪೆನ್ನಿನ ಸದ್ದು ಕೇಳಿಸಿತು. ಭಾಗಾಕಾರ ಮಾಡುತ್ತಿದ್ದಳು.